2016ರ ಪೋಲೋ ಜಿಟಿ ಟಿಎಸ್‌ಐ, 68,000 ಕಿ.ಮೀ. – ನೋಡೋಕೆ ಹೋಗೋ ಮುಂಚೆ ಏನೇನು ತಿಳ್ಕೊಂಡಿರಬೇಕು?

ಮದ್ದೂರ್ ವಡೆ (ಮಂಡ್ಯ):

ಎಲ್ರಿಗೂ ನಮಸ್ಕಾರ. ಐದೂವರೆ ಲಕ್ಷದ ಒಳಗೆ ಸ್ವಲ್ಪ ಚುರುಕಾಗಿರೋ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಹುಡುಕ್ತಿದೀನಿ, ಸೆಕೆಂಡ್ ಹ್ಯಾಂಡ್. ಓಡಾಟ ವಾರಕ್ಕೆ ಮೂರು ದಿನ ಮಂಡ್ಯ–ಮೈಸೂರು, ಮಿಕ್ಕಿದ್ದು ಊರೊಳಗೆ.

ಕಣ್ಣಿಗೆ ಬಿದ್ದಿರೋದು 2016ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಕೆಎ 09 ನಂಬರ್, ಎರಡನೇ ಓನರ್, ಮೀಟರಲ್ಲಿ 68,000. ಗಾಡಿ ಮೈಸೂರು ವಿಜಯನಗರ ಎರಡನೇ ಸ್ಟೇಜಲ್ಲಿದೆ. ಕೇಳ್ತಿರೋದು 4.90 ಲಕ್ಷ. ಹೆಚ್ಚುಕಮ್ಮಿ ಅದೇ ದುಡ್ಡಿಗೆ 2018ರ ಬಲೆನೊ ಆರ್‌ಎಸ್ ಕೂಡ ಒಂದಿದೆ.

ಇದರ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಡಿಎಸ್‌ಜಿ, ಅದರ ಹೆಸರು ಹೇಳಿದ್ರೆ ಎಲ್ರೂ ಹೆದರಿಸ್ತಾರೆ. ಹೆದರಿಕೆ ಬೇಡ, ಹೇಗೆ ಪರೀಕ್ಷೆ ಮಾಡ್ಬೇಕು ಅಂತ ಹೇಳಿ. ಗಾಡಿಗೆ ರೀಮ್ಯಾಪ್ (ಶಕ್ತಿ ಹೆಚ್ಚಿಸೋಕೆ ಎಂಜಿನ್ ಸಾಫ್ಟ್‌ವೇರ್ ಬದಲಾವಣೆ) ಮಾಡ್ಸಿ, ಮಾರೋ ಟೈಮಿಗೆ ತೆಗೆಸಿದ್ರೆ ಗೊತ್ತಾಗುತ್ತಾ? ಕೆಎ 09ರಿಂದ ಕೆಎ 11ಕ್ಕೆ ತರೋಕೆ ಕಾಗದ ಪತ್ರ ಏನು? ಭಾನುವಾರ ನೋಡೋಕೆ ಹೋಗೋದು.

ಸ್ಪ್ಯಾನರ್ 13 (ಮೈಸೂರು):

ಶನಿವಾರ ರಾತ್ರಿನೇ ಫೋನ್ ಮಾಡಿ ಹೇಳ್ಬಿಡಿ ಸರ್, “ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ” ಅಂತ. ಹೋದ ತಕ್ಷಣ ಮಾತಿಗೂ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ರೆ ಕಾಫಿ ಕುಡ್ಕೊಂಡು ವಾಪಸ್ ಬಂದು ಇನ್ನೊಂದು ದಿನ ಹೋಗಿ. ರಾತ್ರಿಯೆಲ್ಲ ತಣ್ಣಗೆ ನಿಂತ ಟರ್ಬೊ ಪೆಟ್ರೋಲ್ ಎಂಜಿನ್ ಮೊದಲ ಐದು ಸೆಕೆಂಡಲ್ಲಿ ಹೇಳೋದನ್ನ ಆಮೇಲೆ ಇಡೀ ದಿನ ಓಡಿಸಿದ್ರೂ ಹೇಳಲ್ಲ.

ಆರ್‌ಸಿಯಲ್ಲಿ ಎಂಜಿನ್ ನಂಬರಿನ ಮೊದಲ ಮೂರಕ್ಷರ ನೋಡಿ. ಸಿಬಿಝಡ್ ಅಂತಿದ್ರೆ ಅದು ಟೈಮಿಂಗ್ ಚೇನ್ (ವಾಲ್ವ್‌ಗಳನ್ನ ಪಿಸ್ಟನ್ ಜೊತೆ ತಾಳಕ್ಕೆ ಓಡಿಸೋದು) ಇರೋ ಹಳೇ ಎಂಜಿನ್. ಸಿಜೆಝಡ್ ಅಂತಿದ್ರೆ ಟೈಮಿಂಗ್ ಬೆಲ್ಟ್ ಇರೋದು. ಎರಡೂ 1.2 ಲೀಟರೇ, ಆದ್ರೆ ಕೆಡೋ ಜಾಗ ಬೇರೆ ಬೇರೆ.

ಚೇನ್ ಇದ್ರೆ ಕೀ ತಿರುಗಿಸಿದ ಕೂಡಲೇ ಎಂಜಿನ್ನಿನ ಬದಿಯಲ್ಲಿ ಕಿವಿಗೊಟ್ಟು ನಿಂತ್ಕೊಳ್ಳಿ. ತಗಡಿನ ಡಬ್ಬಿಗೆ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ ಎರಡು ಮೂರು ಸೆಕೆಂಡ್ ಗರಗರ ಅಂದು ನಿಂತು ಹೋದ್ರೆ ಚೇನ್ ಎಳೆದಿದೆ, ಇಲ್ಲ ಟೆನ್ಷನರ್ ಸೋತಿದೆ. ಚೇನನ್ನ ಬಿಗಿ ಹಿಡಿಯೋ ಟೆನ್ಷನರ್‌ಗೆ ಶಕ್ತಿ ಬರೋದು ಆಯಿಲ್ ಪ್ರೆಶರಿಂದ. ರಾತ್ರಿ ಆಯಿಲ್ ಕೆಳಗೆ ಇಳಿದಿರುತ್ತೆ, ಪ್ರೆಶರ್ ಏರೋವರೆಗೆ ಸಡಿಲ ಚೇನ್ ಕವರ್‌ಗೆ ಬಡಿಯುತ್ತೆ. ಹಾಗೇ ಬಿಟ್ರೆ ಒಂದು ದಿನ ಹಲ್ಲು ಹಾರುತ್ತೆ, ವಾಲ್ವ್ ಹೋಗಿ ಪಿಸ್ಟನ್‌ಗೆ ಗುದ್ದುತ್ತೆ. ಬೆಲ್ಟ್ ಇದ್ರೆ ಸದ್ದೇ ಬರಲ್ಲ, ಅದಕ್ಕೇ ಅದು ಇನ್ನೂ ಕಳ್ಳ. 68,000 ಕಿ.ಮೀ. ಅಂತ ಸಮಾಧಾನ ಪಟ್ಕೋಬೇಡಿ, ರಬ್ಬರಿಗೆ ಕಿಲೋಮೀಟರ್ ಜೊತೆ ವಯಸ್ಸೂ ಲೆಕ್ಕ. ಮೇಲಿನ ಕವರ್ ಕ್ಲಿಪ್ ತೆಗೆದು ಟಾರ್ಚ್ ಬಿಟ್ರೆ ಬೆಲ್ಟ್ ಅಂಚು ಕಾಣುತ್ತೆ: ನೂಲು ಬಿಟ್ಟಿದ್ಯಾ, ಬಿರುಕಿದ್ಯಾ, ಆಯಿಲ್ ಜಿನುಗಿ ನೆನೆದಿದ್ಯಾ. ಅದೇ ಸಿಜೆಝಡ್‌ನಲ್ಲಿ ವಾಟರ್ ಪಂಪು, ಥರ್ಮೋಸ್ಟಾಟು ಒಂದೇ ಗೂಡಲ್ಲಿ ಗೇರ್‌ಬಾಕ್ಸ್ ಕಡೆ ತುದಿಯಲ್ಲಿರ್ತವೆ. ಅಲ್ಲಿ ಕೆಳಗಡೆ ಗುಲಾಬಿ ಬಣ್ಣದ ಒಣಗಿದ ಚಕ್ಕೆ ಕಂಡ್ರೆ ಕೂಲೆಂಟ್ ಸೋರ್ತಿದೆ ಅಂತ ಅರ್ಥ.

ಈಗ ಡಿಎಸ್‌ಜಿ. ಇದರ ಹೆಸರು ಡಿಕ್ಯೂ200, ಏಳು ಗೇರು, ಎರಡು ಒಣ ಕ್ಲಚ್. ಒಂದು ಕ್ಲಚ್ಚಿಗೆ 1, 3, 5, 7. ಇನ್ನೊಂದಕ್ಕೆ 2, 4, 6 ಮತ್ತೆ ರಿವರ್ಸ್. ಇದೊಂದು ನೆನಪಿಟ್ಕೊಂಡ್ರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಒಂದನೇ ಗೇರಲ್ಲಿ ನಡುಗಿದ್ರೆ ಮೊದಲ ಕ್ಲಚ್, ಎರಡರಲ್ಲೂ ರಿವರ್ಸಲ್ಲೂ ನಡುಗಿದ್ರೆ ಎರಡನೇ ಕ್ಲಚ್. ಒಂದು ಗೇರಿನಲ್ಲಿ ಮಾತ್ರ ತೊಂದರೆ, ಅದೇ ಕ್ಲಚ್ಚಿನ ಬೇರೆ ಗೇರು ಚೆನ್ನಾಗಿವೆ ಅಂದ್ರೆ ಕ್ಲಚ್ ಅಲ್ಲ, ಗೇರ್ ಹಾಕೋ ಫೋರ್ಕೋ, ಗೇರ್‌ಬಾಕ್ಸನ್ನ ನಿಯಂತ್ರಿಸೋ ಮೆಕಾಟ್ರಾನಿಕ್ಕೋ.

ತಣ್ಣಗಿದ್ದಾಗ ಇದು ಸೊಗಸಾಗೇ ಓಡುತ್ತೆ. ಬಿಸಿ ಮಾಡಿ ನೋಡ್ಬೇಕು. ವಿಜಯನಗರದಿಂದ ಹೊರಟು ಕನಿಷ್ಠ ನಲವತ್ತು ನಿಮಿಷ ಓಡಿಸಿ, ಅದರಲ್ಲಿ ಹದಿನೈದು ನಿಮಿಷ ಸಯ್ಯಾಜಿರಾವ್ ರಸ್ತೆ, ಅರಸು ರಸ್ತೆ ತರ ಸಂದಣಿಯಲ್ಲಿ ತೆವಳಬೇಕು. ಮಟ್ಟಸ ಜಾಗದಲ್ಲಿ ಡಿ ಹಾಕಿ ಬ್ರೇಕ್ ಬಿಟ್ರೆ ಒಂದು ಸೆಕೆಂಡ್ ಆಸುಪಾಸಲ್ಲಿ ಗಾಡಿ ತಾನೇ ಮೆತ್ತಗೆ ಮುಂದೆ ಸರಿಯಬೇಕು. ಯೋಚನೆ ಮಾಡಿ ಮಾಡಿ ಧಡ್ ಅಂತ ಹಿಡಿದ್ರೆ ಸರಿಯಿಲ್ಲ. ಆಮೇಲೆ 8ರಿಂದ 15 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಬಿಡೋದು ಒತ್ತೋದು ಹತ್ತು ಸಲ ಮಾಡಿ, 1ರಿಂದ 2, 2ರಿಂದ 1ಕ್ಕೆ ಬೀಳೋ ಹಾಗೆ. ಸೀಟು ಅದುರಬಾರದು, ಡ್ಯಾಶ್‌ಬೋರ್ಡ್ ಗಡಗಡ ಅನ್ನಬಾರದು. ಕೊನೆಗೆ ಯಾವುದಾದ್ರೂ ಬೇಸ್‌ಮೆಂಟ್ ಪಾರ್ಕಿಂಗ್ ಇಳಿಜಾರಲ್ಲಿ ಹಿಮ್ಮುಖವಾಗಿ ಮೇಲೆ ಹತ್ತಿಸಿ, ನಿಧಾನಕ್ಕೆ, ಒಂದೇ ಸಮ. ಎರಡನೇ ಕ್ಲಚ್ಚಿನ ಗುಟ್ಟು ಅಲ್ಲೇ ರಟ್ಟಾಗೋದು. ಬೆಟ್ಟದ ರಸ್ತೆಯಲ್ಲಿ ಇದನ್ನ ಮಾಡೋಕೆ ಹೋಗ್ಬೇಡಿ, ಹಿಂದಿನಿಂದ ಬಸ್ ಬರುತ್ತೆ.

ಓಡಿಸುವಾಗ ಗೇರ್ ತೋರಿಸೋ ಅಕ್ಷರ ಮಿನುಗಿದ್ರೆ, ಇಲ್ಲ ಸಮ ಗೇರ್ ಎಲ್ಲ ಮಾಯವಾಗಿ 1, 3, 5 ಮಾತ್ರ ಸಿಕ್ರೆ, ಮಾತೇ ಬೇಡ. ಮೆಕಾಟ್ರಾನಿಕ್ ಯೂನಿಟ್ ಹೊಸದು ಹಾಕ್ಸಿದ್ರೆ ಬಿಲ್ ಲಕ್ಷ ದಾಟುತ್ತೆ. ಮೆಕಾಟ್ರಾನಿಕ್ ಅಂದ್ರೆ ಗೇರ್‌ಬಾಕ್ಸಿನ ಮಿದುಳು, ಕೈ ಎರಡೂ. ಒಳಗೊಂದು ಪಂಪು, ಪ್ರೆಶರ್ ಶೇಖರಿಸೋ ಅಕ್ಯುಮುಲೇಟರು. ಆ ಅಕ್ಯುಮುಲೇಟರ್ ಕೂತಿರೋ ಜಾಗದಲ್ಲಿ ಕೇಸು ಬಿರುಕು ಬಿಡೋದು ಈ ಬಾಕ್ಸಿನ ಹಳೇ ಕಾಯಿಲೆ. ಪ್ರೆಶರ್ ನಿಲ್ಲಲ್ಲ, ಸ್ಕ್ಯಾನರಲ್ಲಿ ಪಿ17ಬಿಎಫ್ ಅನ್ನೋ ದೋಷದ ಕೋಡ್ ಬರುತ್ತೆ, ಗಾಡಿ ನಿಲ್ಲುತ್ತೆ.

ಇದರೊಳಗೆ ಆಯಿಲ್ ಎರಡು ಕಡೆ ಬೇರೆ ಬೇರೆ: ಗೇರುಗಳಿಗೆ ಸುಮಾರು 1.7 ಲೀಟರ್, ಮೆಕಾಟ್ರಾನಿಕ್‌ಗೆ ಸುಮಾರು 1 ಲೀಟರ್. “ಡಿಎಸ್‌ಜಿ ಆಯಿಲ್ ಬದಲಾಯ್ಸಿದೀವಿ” ಅಂದ್ರೆ ಯಾವುದು ಅಂತ ಕೇಳಿ, ಬಿಲ್ ನೋಡಿ.

ಬನ್ನಿಮಂಟಪ ಬೂಸ್ಟ್ (ಮೈಸೂರು):

ಸ್ಪ್ಯಾನರ್ ಅಣ್ಣ ಹೇಳಿದ್ದೆಲ್ಲ ಸರಿ, ಒಂದು ಮಾತು ಸೇರಿಸ್ತೀನಿ. ಸ್ಕ್ಯಾನರ್ ಇಲ್ದೆ ಈ ಗಾಡಿ ತಗೋಬೇಡಿ. ಆನ್‌ಲೈನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಂಜಿನ್ ಒಂದನ್ನೇ ಓದೋದು. ಡಿಎಸ್‌ಜಿ, ಎಬಿಎಸ್, ಏರ್‌ಬ್ಯಾಗ್ ಓದ್ಬೇಕು ಅಂದ್ರೆ ವಿಸಿಡಿಎಸ್ ಇಲ್ಲ ಒಬಿಡಿ ಇಲೆವೆನ್ ತರದ್ದೇ ಬೇಕು. ಫೋಕ್ಸ್‌ವ್ಯಾಗನ್–ಸ್ಕೋಡಾ ಕೆಲಸ ಮಾಡೋ ಗ್ಯಾರೇಜುಗಳಲ್ಲಿ ಇರುತ್ತೆ, ಮೊದಲೇ ಕೇಳಿ ಟೈಮ್ ತಗೊಳ್ಳಿ.

ಆದ್ರೆ ಅಗ್ಗದ್ದನ್ನೂ ಜೇಬಲ್ಲಿ ಇಟ್ಕೊಂಡು ಹೋಗಿ, ಕಾರಣ ಇದೆ. ಬಹಳ ಜನ ನೋಡೋದು “ಕೋಡ್ ಇದ್ಯಾ ಇಲ್ವಾ” ಅಂತ ಮಾತ್ರ. ಬೆಳಿಗ್ಗೆ ಕೋಡ್ ಅಳಿಸಿಬಿಟ್ರೆ ಮಧ್ಯಾಹ್ನ ಯಾವ ಕೋಡೂ ಇರಲ್ಲ. ನೋಡ್ಬೇಕಾಗಿರೋದು ಇನ್ನೆರಡು. ಒಂದು, ರೆಡಿನೆಸ್ ಮಾನಿಟರ್, ಅಂದ್ರೆ ಗಾಡಿ ತನ್ನ ಭಾಗಗಳನ್ನ ತಾನೇ ಪರೀಕ್ಷೆ ಮಾಡಿ ಮುಗಿಸಿದ್ಯಾ ಅನ್ನೋ ಪಟ್ಟಿ. ಕೋಡ್ ಅಳಿಸಿದಾಗ ಇವೆಲ್ಲ “ಅಪೂರ್ಣ” ಆಗ್ತವೆ, ತಣ್ಣನೆ ಸ್ಟಾರ್ಟು, ಸಿಟಿ, ಹೈವೇ ಎಲ್ಲ ಸೇರಿ ಸಾಕಷ್ಟು ಓಡಿದ ಮೇಲೇ ಒಂದೊಂದಾಗಿ “ಪೂರ್ಣ” ಆಗೋದು. ಎರಡು, “ಕೋಡ್ ಅಳಿಸಿದ ಮೇಲೆ ಓಡಿದ ದೂರ” ಅನ್ನೋ ಲೆಕ್ಕ. ಅದು 3,000 ಅಂತಿದ್ರೆ ಖುಷಿ. 40 ಅಂತಿದ್ರೆ ಇತ್ತೀಚೆಗೆ ಯಾರೋ ಒರೆಸಿದ್ದಾರೆ. ಬ್ಯಾಟರಿ ಬದಲಾಯ್ಸಿದ್ರೂ ಕೆಲವು ಗಾಡೀಲಿ ಹಾಗಾಗುತ್ತೆ, ಅದಕ್ಕೆ ಬ್ಯಾಟರಿ ಬಿಲ್ ತಾರೀಖು ಕೇಳಿ, ತಾಳೆ ಆದ್ರೆ ಸರಿ.

ವಿಸಿಡಿಎಸ್ ಸಿಕ್ರೆ ಡಿಎಸ್‌ಜಿ ಒಳಗೆ ಹೋಗಿ ಕ್ಲಚ್ ಅಡಾಪ್ಟೇಶನ್ (ಸವೆತಕ್ಕೆ ಬಾಕ್ಸ್ ಹೊಂದಿಕೊಂಡಿರೋದು) ಅಂಕಿಗಳನ್ನ, ಕ್ಲಚ್ ಎಷ್ಟು ಸಲ ಬಿಸಿಯ ಮಿತಿ ದಾಟಿದೆ ಅನ್ನೋದನ್ನ ಓದ್ಸಿ. ಬೆಂಗಳೂರು ಟ್ರಾಫಿಕ್ಕಲ್ಲಿ ಬೆಂದಿರೋ ಗಾಡಿನೋ, ಹೈವೇಲಿ ತಂಪಾಗಿ ಓಡಿರೋ ಗಾಡಿನೋ ಅಂತ ಇಲ್ಲೇ ಗೊತ್ತಾಗೋದು. ಅದಕ್ಕೇ ನಾನು ಮೀಟರ್ ನೋಡಲ್ಲ. ಸಿಗ್ನಲ್‌ಗಳ ಮಧ್ಯೆ ಓಡಿದ 35,000ಕ್ಕಿಂತ ಮೈಸೂರು–ಹಾಸನ ಓಡಿದ 90,000 ಈ ಬಾಕ್ಸಿಗೆ ಒಳ್ಳೇದು. ಮೀಟರ್ ತಿರುಗಿಸಿರೋ ಅನುಮಾನ ಇದ್ರೂ ಇದೇ ದಾರಿ: ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲಿ ಹಳೇ ಕೋಡ್ ಜೊತೆ ಕಿಲೋಮೀಟರೂ ದಾಖಲಾಗಿರುತ್ತೆ. ಮೀಟರಲ್ಲಿ 68,000, ಎಬಿಎಸ್ ಕೋಡಲ್ಲಿ 91,000 ಅಂತಿದ್ರೆ ಎದ್ದು ಬನ್ನಿ.

ಇನ್ನು ರೀಮ್ಯಾಪು. ಜಿಟಿ ಟಿಎಸ್‌ಐ ಕಂಪನಿಯಿಂದ ಬರೋದು 105 ಪಿಎಸ್, 175 ನ್ಯೂಟನ್ ಮೀಟರ್. ಈ ಗೇರ್‌ಬಾಕ್ಸಿನ ಮಿತಿ 250. ಹಾಗಾಗಿ ಹದವಾದ ಸ್ಟೇಜ್ 1 (ಸಾಫ್ಟ್‌ವೇರ್ ಮಾತ್ರದ ರೀಮ್ಯಾಪ್) ಮಾಡ್ಸಿದ ಮಾತ್ರಕ್ಕೆ ಬಾಕ್ಸ್ ಒಡೆಯಲ್ಲ. ಒಡೆಯೋದು ಆ ಶಕ್ತಿ ಇಟ್ಕೊಂಡು ಪ್ರತಿ ಸಿಗ್ನಲ್ಲಲ್ಲೂ ಬ್ರೇಕ್ ಒತ್ತಿ, ಆಕ್ಸಿಲರೇಟರ್ ಒತ್ತಿ ಹಾರಿಸೋರಿಂದ. ಸಾಫ್ಟ್‌ವೇರ್ ವಾಪಸ್ ಹಾಕಿದ್ರೂ ಸಾಮಾನ್ಯವಾಗಿ ಗುರುತು ಉಳಿಯುತ್ತೆ: ಇಸಿಯುಗೆ (ಎಂಜಿನ್ ಕಂಪ್ಯೂಟರ್) ಎಷ್ಟು ಸಲ ಬರೆದಿದ್ದಾರೆ ಅನ್ನೋ ಲೆಕ್ಕ ಒಳಗಿರುತ್ತೆ. ಗಾಡಿ ಮೇಲೂ ನೋಡಿ. ಏರ್ ಫಿಲ್ಟರ್ ಡಬ್ಬಿಯ ಸ್ಕ್ರೂ ತಲೆ ಸವೆದಿದ್ಯಾ, ಎಕ್ಸಾಸ್ಟ್ ಕ್ಲ್ಯಾಂಪ್ ಮಾತ್ರ ಹೊಸದಾಗಿ ಮಿಂಚ್ತಿದ್ಯಾ, ಎ ಪಿಲ್ಲರ್ ಮೇಲೆ ಬೂಸ್ಟ್ ಗೇಜ್ ಅಂಟಿಸಿದ್ದ ಗೋಂದಿನ ಕಲೆ ಇದ್ಯಾ, ಹೀಟ್ ರೇಂಜ್ ಬೇರೆ ಇರೋ ಸ್ಪಾರ್ಕ್ ಪ್ಲಗ್ ಇದ್ಯಾ. ಮಾಡ್ಸಿದ್ದನ್ನ ಒಪ್ಕೊಂಡು ಬಿಲ್ ತೋರಿಸೋ ಮನುಷ್ಯನ ಗಾಡಿ ತಗೊಳ್ಳಿ, ಬಚ್ಚಿಡೋನ ಗಾಡಿ ಬೇಡ.

ಕಾವೇರಿ ಕರ್ವ್ (ಶ್ರೀರಂಗಪಟ್ಟಣ):

ಟರ್ಬೊ ಬಗ್ಗೆ ಯಾರೂ ಹೇಳ್ಲಿಲ್ಲ.

ಎಂಜಿನ್ ಆಫ್ ಇದ್ದಾಗ, ತಣ್ಣಗಿದ್ದಾಗ, ಟರ್ಬೊಗೆ ಗಾಳಿ ಹೋಗೋ ಪೈಪ್ ಬಿಚ್ಚಿಸಿ ಒಳಗಿನ ಚಕ್ರವನ್ನ ಎರಡು ಬೆರಳಲ್ಲಿ ಹಿಡಿದು ನೋಡಿ. ಅಡ್ಡಡ್ಡ ಕೂದಲೆಳೆಯಷ್ಟು ಅಲುಗಾಟ ಇರುತ್ತೆ, ಅದು ಸಹಜ, ಆಯಿಲ್ ತುಂಬಿದ್ರೆ ಅದೂ ಹೋಗುತ್ತೆ. ಒಳಕ್ಕೆ ಹೊರಕ್ಕೆ ಎಳೆದಾಗ ಟಕ್ ಅಂತ ಆಡಬಾರದು. ರೆಕ್ಕೆಗಳ ತುದಿ ಗೋಡೆಗೆ ಉಜ್ಜಿರೋ ಗೀರು ಇರಬಾರದು. ಇಂಟರ್‌ಕೂಲರ್ ಪೈಪೊಳಗೆ ಬೆರಳಾಡಿಸಿದ್ರೆ ತೆಳುವಾಗಿ ಜಿಡ್ಡು ಅಂಟೋದು ಮಾಮೂಲು, ಆಯಿಲ್ ಮಡುಗಟ್ಟಿ ನಿಂತಿದ್ರೆ ಅಲ್ಲ.

ಸೈಲೆನ್ಸರ್ ತುದಿಗೆ ಬೆರಳು ಇಟ್ಟು ಕಪ್ಪು ಬಂತು ಅಂತ ಹೆದರೋರು ಇದ್ದಾರೆ. ಇವೆಲ್ಲ ಡೈರೆಕ್ಟ್ ಇಂಜೆಕ್ಷನ್, ಒಣ ಕಪ್ಪು ಮಸಿ ಬಂದೇ ಬರುತ್ತೆ. ಬೆರಳಿಗೆ ಒದ್ದೆಯಾಗಿ, ಜಿಡ್ಡಾಗಿ ಹತ್ತಿದ್ರೆ ಮಾತ್ರ ಯೋಚನೆ. ಅದೇ ಡೈರೆಕ್ಟ್ ಇಂಜೆಕ್ಷನ್ ದೆಸೆಯಿಂದ ಇನ್ನೊಂದು: ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗೋದ್ರಿಂದ ಇನ್‌ಟೇಕ್ ವಾಲ್ವ್ ತೊಳೆಯೋಕೆ ಏನೂ ಇರಲ್ಲ, ಇಂಗಾಲ ಕಟ್ಟುತ್ತೆ. ಬೆಳಿಗ್ಗೆ ಮೊದಲ ಅರ್ಧ ನಿಮಿಷ ಐಡಲ್ ತಡವರಿಸಿ, ಬಿಸಿಯಾದ ಮೇಲೆ ಸರಿಹೋದ್ರೆ ಮೊದಲು ಪ್ಲಗ್, ಕಾಯಿಲ್ ನೋಡ್ಸಿ, ಅವು ಚೆನ್ನಾಗಿದ್ರೆ ವಾಲ್ವ್ ಮೇಲಿನ ಇಂಗಾಲ. ಬಿಚ್ಚಿ ಕ್ಲೀನ್ ಮಾಡೋ ಕೆಲಸ, ದೊಡ್ಡ ರೋಗ ಅಲ್ಲ. ಪೆಟ್ರೋಲ್ ಟ್ಯಾಂಕಿಗೆ ಹಾಕೋ ಕ್ಲೀನರ್ ಬಾಟಲಿಯಿಂದ ಅದು ಹೋಗಲ್ಲ, ವಾಲ್ವ್ ಹತ್ರ ಪೆಟ್ರೋಲ್ ಹೋಗೋದೇ ಇಲ್ಲವಲ್ಲ.

ಟೆಸ್ಟ್ ಡ್ರೈವ್‌ಗೆ ಮೈಸೂರಲ್ಲಿ ಬೆಟ್ಟ ಇದೆ, ಬೇರೆ ಊರೋರಿಗೆ ಆ ಭಾಗ್ಯ ಇಲ್ಲ. ಹಿನಕಲ್ ಹತ್ರ ರಿಂಗ್ ರೋಡ್ ಹತ್ತಿ ಬೋಗಾದಿ ಕಡೆಯಿಂದ ಸುತ್ಕೊಂಡು ಬನ್ನಿ, ಆಮೇಲೆ ಚಾಮುಂಡಿ ಬೆಟ್ಟ. ಹತ್ತುವಾಗ ಮ್ಯಾನ್ಯುಯಲ್ ಮೋಡಲ್ಲಿ 3ನೇ ಗೇರ್ ಹಿಡಿದು 2,000 ಆರ್‌ಪಿಎಂನಿಂದ ಪೂರ್ತಿ ಒತ್ತಿ. ಎಳೆತ ಒಂದೇ ಸಮ ಏರಬೇಕು. ಆರ್‌ಪಿಎಂ ಮುಳ್ಳು ಹಾರಿ ಗಾಡಿ ಅಷ್ಟಕ್ಕೆ ಏರದಿದ್ರೆ ಕ್ಲಚ್ ಜಾರ್ತಿದೆ. ಎಳೆತ ಮಧ್ಯೆ ಸೊರಗಿ, ಲೈಟ್ ಹತ್ತಿ, ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋದ್ರೆ ಟರ್ಬೊ ಒತ್ತಡ ಹತೋಟಿಯಲ್ಲಿಡೋ ವೇಸ್ಟ್‌ಗೇಟ್ ಆಕ್ಚುಯೇಟರ್ ಹಿಡ್ಕೊಳ್ತಿರಬಹುದು, ಹಳೇ 1.2ರಲ್ಲಿ ಇದು ಗೊತ್ತಿರೋ ತೊಂದರೆ. ಇಳಿಯುವಾಗ 2ನೇ ಗೇರಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಅರ್ಧ ಕಿಲೋಮೀಟರ್ ಬಂದು, ಮಟ್ಟಸ ಆದ ಕೂಡಲೇ ಒತ್ತಿ, ಕನ್ನಡಿಯಲ್ಲಿ ಹಿಂದೆ ನೋಡಿ. ನೀಲಿ ಹೊಗೆ ಗುಪ್ ಅಂತ ಬಂದ್ರೆ ಆಯಿಲ್ ಎಂಜಿನ್ ಒಳಕ್ಕೆ ಇಳೀತಿದೆ, ವಾಲ್ವ್ ಸೀಲ್ ಇಲ್ಲ ಟರ್ಬೊ ಸೀಲ್.

ಕೆಳಗೆ ಬಂದ ತಕ್ಷಣ ಆಫ್ ಮಾಡ್ಬೇಡಿ, ಟರ್ಬೊ ತಣಿಯೋಕೆ ಒಂದೆರಡು ನಿಮಿಷ ಐಡಲ್ ಬಿಡಿ. ಮಾರೋರು ಪಕ್ಕದಲ್ಲಿ ಕೂತು “ಆಫ್ ಮಾಡಿ ಸರ್ ಪರ್ವಾಗಿಲ್ಲ” ಅಂದ್ರೆ ಅವರು ಇಷ್ಟು ವರ್ಷ ಹೇಗೆ ಓಡ್ಸಿದ್ದಾರೆ ಅಂತಲೂ ಅಲ್ಲೇ ಗೊತ್ತಾಯ್ತು.

ಮದ್ದೂರ್ ವಡೆ:

ತುಂಬಾ ಥ್ಯಾಂಕ್ಸ್. ಬಲೆನೊ ಆರ್‌ಎಸ್ ಬಗ್ಗೆ ಯಾರಾದ್ರೂ ಹೇಳಿ. ಆಕ್ಸಿಡೆಂಟ್ ಆಗಿರೋ ಗಾಡಿ, ನೀರಲ್ಲಿ ಮುಳುಗಿದ ಗಾಡಿ ಹೇಗೆ ಕಂಡುಹಿಡಿಯೋದು?

ಸ್ಪ್ಯಾನರ್ 13:

ಬಲೆನೊ ಆರ್‌ಎಸ್ ಬುದ್ಧಿವಂತರ ಆಯ್ಕೆ, ಮನಸ್ಸು ಪೋಲೋ ಮೇಲಿದ್ರೆ ಮಾತ್ರ ರುಚಿಸಲ್ಲ. 998 ಸಿಸಿ ಮೂರು ಸಿಲಿಂಡರ್ ಬೂಸ್ಟರ್‌ಜೆಟ್, 102 ಪಿಎಸ್, 150 ನ್ಯೂಟನ್ ಮೀಟರ್, ಐದು ಗೇರಿನ ಮ್ಯಾನ್ಯುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಡಿಎಸ್‌ಜಿ ತಲೆನೋವೇ ಇಲ್ಲ, ಕ್ಲಚ್ ಹೋದ್ರೆ ಯಾವ ಮೆಕ್ಯಾನಿಕ್ ಬೇಕಾದ್ರೂ ಹಾಕ್ತಾರೆ. ಒಂದು ಮಾತ್ರ ಮರೀಬೇಡಿ: 2016 ಅಕ್ಟೋಬರ್ 27ರಿಂದ 2019 ನವೆಂಬರ್ 1ರ ಮಧ್ಯೆ ತಯಾರಾದ 7,213 ಆರ್‌ಎಸ್ ಗಾಡಿಗಳನ್ನ 2023ರಲ್ಲಿ ಕಂಪನಿ ರೀಕಾಲ್ ಮಾಡ್ತು. ಬ್ರೇಕಿಗೆ ನೆರವು ಕೊಡೋ ವ್ಯಾಕ್ಯೂಮ್ ಪಂಪಲ್ಲಿ ದೋಷ ಇರಬಹುದು, ಪೆಡಲ್ ಗಟ್ಟಿಯಾಗಬಹುದು ಅಂತ. ನೀವು ನೋಡ್ತಿರೋ 2018ರದ್ದು ಆ ಅವಧಿಯದ್ದೇ. ಚಾಸಿ ನಂಬರ್ ಕೊಟ್ರೆ ಮಾರುತಿ ಸರ್ವಿಸ್ ಸೆಂಟರಲ್ಲಿ ಕೆಲಸ ಆಗಿದ್ಯಾ ಅಂತ ಹೇಳ್ತಾರೆ. ಆಗಿಲ್ಲ ಅಂದ್ರೆ ಮಾಡ್ಸಿಕೊಂಡೇ ದುಡ್ಡು ಕೊಡಿ.

ಆಟೋಮ್ಯಾಟಿಕ್ಕೇ ಬೇಕು, ಡ್ರೈ ಕ್ಲಚ್ ಬೇಡ ಅನ್ನೋದಾದ್ರೆ 2020ರ ಮೇಲಿನ 1.0 ಟಿಎಸ್‌ಐ ಪೋಲೋ ಜಿಟಿ ನೋಡಿ. 110 ಪಿಎಸ್, ಡಿಎಸ್‌ಜಿ ಬದಲು ಆರು ಗೇರಿನ ಟಾರ್ಕ್ ಕನ್ವರ್ಟರ್. ಬಜೆಟ್ ಸ್ವಲ್ಪ ಎಳೀಬೇಕಾಗುತ್ತೆ. ಅಬಾರ್ತ್ ಪುಂಟೊ ಕಣ್ಣಿಗೆ ಬಿದ್ರೆ, 145 ಪಿಎಸ್ ಅಂತ ಆಸೆ ಆಗುತ್ತೆ, ಬಿಡಿ. ಫಿಯಟ್ ಇಲ್ಲಿ ಅಂಗಡಿ ಮುಚ್ಕೊಂಡು ಹೋಯ್ತು, ಪಾರ್ಟ್ಸ್ ಹುಡುಕೋದೇ ಒಂದು ಉದ್ಯೋಗ ಆಗುತ್ತೆ. ದಿನಾ ಓಡಾಡೋಕೆ ಅದು ಬೇಡ.

ಆಕ್ಸಿಡೆಂಟಿಗೆ: ಪೇಂಟ್ ದಪ್ಪ ಅಳೆಯೋ ಮೀಟರ್ ಸಿಕ್ರೆ ತಗೊಂಡು ಹೋಗಿ. ಕಂಪನಿ ಪೇಂಟ್ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್. ಒಂದು ಬಾಗಿಲು 250 ಅಂದ್ರೆ ಮತ್ತೆ ಪೇಂಟ್ ಆಗಿದೆ, ಬಂಪರ್ ಗೀಚು ಅಂತ ಬಿಡಬಹುದು. 500ರ ಮೇಲೆ ಅಂದ್ರೆ ಒಳಗೆ ಪುಟ್ಟಿ. ಡೋರು, ಫೆಂಡರ್ ಏನಾದ್ರೂ ಆಗಿರಲಿ, ಛಾವಣಿ ಮತ್ತೆ ಬಾಗಿಲ ಕಂಬಗಳಲ್ಲಿ ಪುಟ್ಟಿ ಇದ್ರೆ ಗಾಡಿ ಉರುಳಿದೆ ಇಲ್ಲ ಜೋರಾಗಿ ಗುದ್ದಿದೆ. ಮೀಟರ್ ಇಲ್ಲ ಅಂದ್ರೆ ಬಾನೆಟ್ ಹಿಂಜ್ ಬೋಲ್ಟ್, ಫೆಂಡರ್ ಬೋಲ್ಟ್ ತಲೆ ನೋಡಿ. ಒಮ್ಮೆಯೂ ಸ್ಪ್ಯಾನರ್ ಬೀಳದ ಬೋಲ್ಟಿನ ಮೂಲೆಗಳಲ್ಲಿ ಬಣ್ಣ ಹಾಗೇ ಕೂತಿರುತ್ತೆ. ನಾಲ್ಕೂ ಬಾಗಿಲ ಗಾಜಿನ ಮೂಲೆಯ ಕೋಡ್ ಒಂದೇ ವರ್ಷದ್ದಾಗಿರಬೇಕು.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಒಂದಿದೆ, ಯಾರೂ ಮಾಡಲ್ಲ: ವೀಲ್ ಅಲೈನ್‌ಮೆಂಟ್. ಕಂಪ್ಯೂಟರ್ ಅಲೈನ್‌ಮೆಂಟ್ ಇರೋ ಟೈರ್ ಅಂಗಡಿಗೆ ಕರ್ಕೊಂಡು ಹೋಗಿ, ಸರಿ ಮಾಡೋ ಮುಂಚಿನ ಪ್ರಿಂಟ್ ತಗೊಳ್ಳಿ. ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು) ತಪ್ಪಿದ್ರೆ ತೊಂದರೆ ಇಲ್ಲ, ತಿರುಗಿಸಿ ಸರಿ ಮಾಡಬಹುದು. ಮುಂದಿನ ಎಡ ಬಲದ ಕ್ಯಾಂಬರ್ (ಚಕ್ರ ಮೇಲಿಂದ ಕೆಳಕ್ಕೆ ಓರೆಯಾಗಿರೋದು) ಮಧ್ಯೆ ಒಂದು ಡಿಗ್ರಿ ವ್ಯತ್ಯಾಸ ಇದ್ರೆ ಏನೋ ಬಗ್ಗಿದೆ. ಲೋಯರ್ ಆರ್ಮ್, ಸ್ಟ್ರಟ್, ಕೆಟ್ಟ ನಸೀಬಿಗೆ ಸಬ್‌ಫ್ರೇಮು. ಬಣ್ಣ ಬಳಿದು ಮುಚ್ಚಬಹುದು, ಆ ಕಾಗದದ ಮೇಲಿನ ಅಂಕಿ ಮುಚ್ಚೋಕಾಗಲ್ಲ. ಗಾಡಿ ಲಿಫ್ಟ್ ಮೇಲಿದ್ದಾಗಲೇ ಅಲಾಯ್ ಒಳಬದಿಯ ಅಂಚು ನೋಡಿ, ಕಡಿಮೆ ಎತ್ತರದ ಟೈರಿನ ಗಾಡಿ ಗುಂಡಿಗೆ ಬಿದ್ರೆ ಹೊರಗೆ ಕಾಣಲ್ಲ, ಒಳಗಡೆ ಬಗ್ಗಿರುತ್ತೆ. ಟೈರ್ ಬದಿಯ ನಾಲ್ಕಂಕಿ, ಮೊದಲೆರಡು ವಾರ, ಕೊನೆಯೆರಡು ವರ್ಷ. 2219 ಅಂದ್ರೆ 2019ರ 22ನೇ ವಾರ. ಟೈರಿನ ಟ್ರೆಡ್ ಆಳ ಎಷ್ಟೇ ಇರಲಿ, ಆರು ವರ್ಷ ದಾಟಿದ್ರೆ ನಾಲ್ಕು ಟೈರಿನ ದುಡ್ಡು ರೇಟಲ್ಲಿ ಕಳೀರಿ.

ನೀರಿನ ಗಾಡಿಗೆ ಸೀಟ್ ಬೆಲ್ಟ್ ಪೂರ್ತಿ, ಕೊನೇವರೆಗೂ ಎಳೀರಿ. ಮೇಲಿನ ಒಂದಡಿ ಎಲ್ರೂ ತೊಳೀತಾರೆ, ಒಳಗಿನ ಸುರುಳಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತೆ. ಸೀಟಿನ ಕೆಳಗಿನ ಹಳಿಯ ತುಕ್ಕು, ಸ್ಟೆಪ್ನಿ ಗುಂಡಿಯಲ್ಲಿ ಮಣ್ಣು, ಹೆಡ್‌ಲೈಟ್ ಒಳಗೆ ನೀರು ನಿಂತ ಗೆರೆ. 2022ರ ಆಗಸ್ಟ್ ಕೊನೆಗೆ ರಾಮನಗರ ಹತ್ರ ಹೈವೇ ಮೇಲೇ ನೀರು ನಿಂತಿತ್ತು, ಸೆಪ್ಟೆಂಬರಲ್ಲಿ ಬೆಂಗಳೂರು ಔಟರ್ ರಿಂಗ್ ರೋಡ್. ಆ ಸಮಯಕ್ಕೆ ಗಾಡಿ ಎಲ್ಲಿತ್ತು ಅಂತ ಕೇಳೋದ್ರಲ್ಲಿ ತಪ್ಪಿಲ್ಲ.

ಏರ್‌ಬ್ಯಾಗ್: ಕೀ ಆನ್ ಮಾಡಿದಾಗ ಆ ದೀಪ ಹತ್ತಿ, ಕೆಲವು ಸೆಕೆಂಡಲ್ಲಿ ಆರಬೇಕು. ಹತ್ತೋದೇ ಇಲ್ಲ ಅಂದ್ರೆ ಒಡೆದ ಏರ್‌ಬ್ಯಾಗ್ ಹಾಕ್ಸದೆ ದೀಪ ಕಿತ್ತಿರೋ ಸಾಧ್ಯತೆ ಇದೆ.

ಫಾರಂ 30 (ಮಂಡ್ಯ):

ಕಾಗದದ ವಿಷಯ ನನಗೆ ಬಿಡಿ.

ಗಾಡಿ ನೋಡೋಕೆ ಹೋಗೋ ಮುಂಚೆನೇ ಎಂ-ಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ. ಎಷ್ಟನೇ ಓನರ್, ಲೋನ್ ಇದ್ಯಾ, ಇನ್ಶೂರೆನ್ಸ್ ಯಾವತ್ತಿನವರೆಗೆ, ಬ್ಲ್ಯಾಕ್‌ಲಿಸ್ಟ್ ಆಗಿದ್ಯಾ, ಎಲ್ಲ ಬರುತ್ತೆ. ಎರಡನೇ ಓನರ್ ಅಂತ ಬಾಯಲ್ಲಿ ಹೇಳಿ, ಆ್ಯಪಲ್ಲಿ ಮೂರು ಇದ್ರೆ ಸುಳ್ಳು ಅಲ್ಲಿಂದಲೇ ಶುರು. ಬಾಕಿ ಫೈನೂ ನೋಡಿ. ಬೆಂಗಳೂರು–ಮೈಸೂರು ಹೈವೇ ಕ್ಯಾಮೆರಾಗಳು ಕಾರಿಗೆ 100ರ ಮಿತಿ ದಾಟಿದ್ರೆ ಬಿಡಲ್ಲ, ಇಂಥ ಗಾಡಿ ಮೇಲೆ ಫೈನು ಗುಡ್ಡೆ ಬಿದ್ದಿದ್ರೆ ಅದೂ ಒಂದು ಸರ್ವಿಸ್ ರೆಕಾರ್ಡ್ ಅಂದ್ಕೊಳ್ಳಿ, ಹೇಗೆ ಓಡ್ಸಿದ್ದಾರೆ ಅನ್ನೋದಕ್ಕೆ.

ಇನ್ಶೂರೆನ್ಸ್ ಪಾಲಿಸಿ ಕೈಗೆ ತಗೊಂಡು ನೋ ಕ್ಲೈಮ್ ಬೋನಸ್ ಎಷ್ಟಿದೆ ನೋಡಿ. ಕ್ಲೈಮ್ ಮಾಡದೇ ಇದ್ರೆ ಅದು 20, 25, 35, 45, 50 ಪರ್ಸೆಂಟ್ ಅಂತ ವರ್ಷ ವರ್ಷ ಏರುತ್ತೆ. ಒಂದೇ ಕೈಯಲ್ಲಿ ಆರು ವರ್ಷ ಇದ್ದು ಸೊನ್ನೆ ಅಂದ್ರೆ ಕಳೆದ ವರ್ಷ ಕ್ಲೈಮ್ ಆಗಿದೆ, ಇಲ್ಲ ಪಾಲಿಸಿ ಮಧ್ಯೆ ತಪ್ಪಿದೆ. ಯಾವ ಪಾರ್ಟಿಗೆ ಕ್ಲೈಮ್ ಅಂತ ಬಿಲ್ ಕೇಳಿ. ಆ ಬೋನಸ್ ನಿಮಗೆ ಬರಲ್ಲ, ಅದು ಮಾರೋರದ್ದೇ. ಟ್ರಾನ್ಸ್‌ಫರ್ ಮಾಡ್ಸುವಾಗ ಆ ವ್ಯತ್ಯಾಸದ ದುಡ್ಡು ನೀವು ಕಟ್ಟಬೇಕು. 14 ದಿನದೊಳಗೆ ಪಾಲಿಸಿ ಹೆಸರು ಬದಲಾಯ್ಸಿ, ಇಲ್ಲದಿದ್ರೆ ನಿಮ್ಮ ಗಾಡಿ ಡ್ಯಾಮೇಜಿಗೆ ದುಡ್ಡು ಬರಲ್ಲ.

ಕೆಎ 09ರಿಂದ ಕೆಎ 11ಕ್ಕೆ ಬಂದ್ರೂ ನಂಬರ್ ಬದಲಾಗಲ್ಲ, ಲೈಫ್ ಟ್ಯಾಕ್ಸ್ ಮತ್ತೆ ಕಟ್ಟೋ ಹಾಗಿಲ್ಲ. ಫಾರಂ 29, ಫಾರಂ 30 (ಓನರ್ ಹೆಸರು ಬದಲಾಯಿಸೋಕೆ), ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟು, ಇಬ್ಬರ ಗುರುತಿನ ಚೀಟಿ, ನಿಮ್ಮ ವಿಳಾಸದ ದಾಖಲೆ. ಲೋನ್ ಇದ್ದ ಗಾಡಿಯಾದ್ರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35, ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸೋಕೆ. ಬೇರೆ ರಾಜ್ಯದ ಗಾಡಿ ಆಗಿದ್ರೆ ಆರ್‌ಟಿಒ ಎನ್‌ಒಸಿಗೆ ಫಾರಂ 28, ಇಲ್ಲಿ ಟ್ಯಾಕ್ಸು, ಹೊಸ ನಂಬರು ಅಂತ ದೊಡ್ಡ ಕಥೆ. ಕಡಿಮೆ ರೇಟಿಗೆ ದೆಹಲಿ ಗಾಡಿ ಕಂಡಾಗ ಆ ಖರ್ಚೂ ಕೂಡಿಸಿ ನೋಡಿ.

ಗಾಡಿ ಕೈಗೆ ಬಂದ ತಾರೀಖು, ಗಂಟೆ, ನಿಮಿಷ ಬರೆದು ಇಬ್ಬರೂ ಸಹಿ ಹಾಕಿದ ಕಾಗದ ಇರಲಿ. ಅವತ್ತು ಬೆಳಿಗ್ಗೆ ಅವರು ಕ್ಯಾಮೆರಾಗೆ ಸಿಕ್ಕಿದ್ರೆ ನಿಮ್ಮ ತಲೆಗೆ ಬರಬಾರದು.

ಮದ್ದೂರ್ ವಡೆ:

ನೋಡಿ ಬಂದೆ. ಬಾನೆಟ್ ತಣ್ಣಗಿತ್ತು. ಎಂಜಿನ್ ಸಿಜೆಝಡ್, ಸದ್ದಿಲ್ಲ, ಹೊಗೆ ಇಲ್ಲ. ಬೆಲ್ಟ್ ಬದಲಾಯ್ಸಿಲ್ಲ. ಬೆಟ್ಟ ಸಲೀಸಾಗಿ ಹತ್ತಿತು. ಬಿಸಿಯಾದ ಮೇಲೆ ಬೇಸ್‌ಮೆಂಟಲ್ಲಿ ರಿವರ್ಸ್ ಹತ್ತಿಸುವಾಗ ಸೀಟು ಅದುರಿತು, 2ರಲ್ಲಿ ತೆವಳುವಾಗಲೂ ಸ್ವಲ್ಪ. ಒಂದನೇ ಗೇರ್ ಬೆಣ್ಣೆ. ಅಲೈನ್‌ಮೆಂಟ್ ಪ್ರಿಂಟಲ್ಲಿ ಕ್ಯಾಂಬರ್ ಎಡ ಮೈನಸ್ 0.4, ಬಲ ಮೈನಸ್ 0.6. ಸ್ಕ್ಯಾನರಲ್ಲಿ ಯಾವ ಕೋಡೂ ಇಲ್ಲ, ಎರಡು ಮಾನಿಟರ್ ಅಪೂರ್ಣ, ಅಳಿಸಿದ ಮೇಲೆ ಓಡಿದ್ದು 52 ಕಿ.ಮೀ. ಬ್ಯಾಟರಿ ಬಿಲ್ ಕೇಳಿದ್ರೆ ಹೋದ ವರ್ಷದ್ದು. ಬೋನಸ್ 45 ಪರ್ಸೆಂಟ್.

ಸ್ಪ್ಯಾನರ್ 13:

ಬಾಡಿ ಕ್ಲೀನ್, ಎಂಜಿನ್ ಕ್ಲೀನ್. ಕ್ಯಾಂಬರಲ್ಲಿ 0.2 ಡಿಗ್ರಿ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೋಬೇಡಿ. ಎರಡನೇ ಕ್ಲಚ್ ಸೋತಿದೆ, ನೀವು ಹೇಳ್ತಿರೋದು ಪಾಠದಲ್ಲಿರೋ ಹಾಗೇ ಇದೆ. ಈ ಬಾಕ್ಸಲ್ಲಿ ಒಂದೇ ಕ್ಲಚ್ ಬದಲಾಯ್ಸೋಕೆ ಬರಲ್ಲ, ಜೋಡಿ ಪ್ಯಾಕ್ ಪೂರ್ತಿ ಹಾಕ್ಬೇಕು, ಜೊತೆಗೆ ಫೋರ್ಕು ಬೇರಿಂಗು, ಆಮೇಲೆ ಸ್ಕ್ಯಾನರಲ್ಲಿ ಅಡಾಪ್ಟೇಶನ್. ಅಡಾಪ್ಟೇಶನ್ ಮಾತ್ರ ಮಾಡಿ “ಸರಿಹೋಯ್ತು ನೋಡಿ” ಅಂದ್ರೆ ಒಂದೆರಡು ವಾರ ಮಾತ್ರ.

ನನಗೆ ಜಾಸ್ತಿ ಕಾಡ್ತಿರೋದು ಆ 52. ಏನೋ ಕೋಡ್ ಇತ್ತು, ಒರೆಸಿದ್ದಾರೆ. ಕ್ಲಚ್ಚಿಂದಾಗಿದ್ರೆ ಲೆಕ್ಕ ಹಾಕ್ಬಹುದು. ಪಿ17ಬಿಎಫ್ ಆಗಿದ್ರೆ ಲೆಕ್ಕವೇ ಬೇರೆ. ಮಾರೋರಿಗೆ ಹೀಗೆ ಹೇಳಿ: ಗಾಡಿ ದಿನದ ಹಾಗೇ ಓಡಿಸ್ತಾ ಇರಲಿ, 300 ಕಿ.ಮೀ. ಆದ ಮೇಲೆ ಬಂದು ವಿಸಿಡಿಎಸ್‌ನಲ್ಲಿ ಡಿಎಸ್‌ಜಿ ಸಮೇತ ಎಲ್ಲ ಓದ್ಸೋಣ, ಖರ್ಚು ನಂದು. ಆ 52 ಅಲ್ಲಿಗೆ 350 ಆಗಿರಬೇಕು, ಮತ್ತೆ 30ಕ್ಕೆ ಇಳಿದಿದ್ರೆ ಮಾತು ಮುಗೀತು. ಕೋಡ್ ಬರದೇ ಇದ್ರೆ ಕ್ಲಚ್ ಪ್ಯಾಕು, ಟೈಮಿಂಗ್ ಬೆಲ್ಟ್ ಕಿಟ್ಟು, ಎರಡೂ ಆಯಿಲು, ಮೂರಕ್ಕೂ ಗ್ಯಾರೇಜಲ್ಲಿ ಬರೆದ ಎಸ್ಟಿಮೇಟ್ ತಗೊಂಡು ಅಷ್ಟನ್ನ 4.90ರಿಂದ ಕಳೆದು ಮಾತಾಡಿ. ಬಾಯಿಮಾತಿನ ಚೌಕಾಸಿಗಿಂತ ಸೀಲ್ ಇರೋ ಕಾಗದಕ್ಕೆ ಜನ ಬಗ್ತಾರೆ.

ಬನ್ನಿಮಂಟಪ ಬೂಸ್ಟ್:

ಅಡ್ವಾನ್ಸ್ ಕೊಡೋ ಮುಂಚೆ ಎರಡನೇ ಕೀ ಕೇಳಿ. ಇಮ್ಮೊಬಿಲೈಸರ್ ಇರೋ ಕೀ, ಬೀದಿಬದಿ ಕೀ ಮಾಡೋರ ಹತ್ರ ಆಗಲ್ಲ, ಕೋಡಿಂಗ್ ಬೇಕು. “ಮನೇಲಿ ಎಲ್ಲೋ ಇದೆ, ಆಮೇಲೆ ಕೊಡ್ತೀನಿ” ಅಂದ್ರೆ ಇಲ್ಲ ಅಂತಲೇ ಲೆಕ್ಕ, ಅದನ್ನೂ ಎಸ್ಟಿಮೇಟಿಗೆ ಸೇರಿಸಿ.